ಸ್ಪೇನಿನವನ ಓರಗೆಯ ಅಣ್ಣ

ನನ್ನ ಅಣ್ಣನ ಪಾದಗಳು ಹಸಿಶುಂಠಿಯ ಗೆಡ್ಡೆಯ ಹಾಗೆ ಇದ್ದವು. ಬೆರಳುಗಳು ಒಂದಕ್ಕೊಂದು ತಾಗದೆ, ತಮಗೆ ಬೇಕಾದ ಕಡೆಗೆ ಚಾಚಿಕೊಂಡು, ನೆಲವನ್ನು ಹಿಡಿದು ಕೂತಂತೆ ಕಾಣುತ್ತಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಯಾವುದೋ ಆಟದಲ್ಲಿ ಕಿತ್ತುಹೋಗಿ, ಮತ್ತೆ ಬಂದದ್ದು ದಪ್ಪಗೆ ಕಪ್ಪಗೆ ಬಂದಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತರೆ ಅಮ್ಮ ಆ ಪಾದಗಳನ್ನು ನೋಡಿ, ಇದನ್ನು ತೊಳೆಯಲು ಯಾವ ಮಾವ ಒಪ್ಪುತ್ತಾನೋ ಎಂದು ನಗುತ್ತಿದ್ದಳು. ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯಬೇಕಲ್ಲ, ಅದಕ್ಕೆ. ಅಣ್ಣ ಹೇಳುತ್ತಿದ್ದ, “ತೊಳೆಯುದು ಬೇಡಮ್ಮ, ಒಂದು ಚೆಂಡು ಕೊಡ್ಲಿ, ಸಾಕು.”

ಮಕ್ಕಳೇ, ನೀವು ಅವನನ್ನು ನೋಡಿದವರಲ್ಲ. ಅವನದ್ದೊಂದು ಪಟವೂ ಮನೆಯಲ್ಲಿಲ್ಲ. ನಾಲ್ಕು ಜನ ಕೂತಲ್ಲಿ ಈ ಅಜ್ಜಿಗೆ ಮಾತು ಹೊರಡುವುದಿಲ್ಲ ಎಂದು ನಿಮಗೆ ಗೊತ್ತು. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲಿ ಬರೆಯುತ್ತೇನೆ.

ಕಡಬದ ಹತ್ತಿರ, ಕೋಡಿಂಬಾಳದ ಕಡೆ, ಹೊಳೆಯ ಬದಿಯಲ್ಲಿ ನಮ್ಮ ಮನೆ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವರು. ಅಮ್ಮ ವಿಧವೆಯ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಲಸಿನ ಹಪ್ಪಳ ಒತ್ತಿ, ಕರೆದವರ ಮನೆಯಲ್ಲಿ ಅಡಿಗೆ ಮಾಡಿ ನಮ್ಮನ್ನು ಸಾಕಿದಳು. ಅಣ್ಣ ಬೆಳಿಗ್ಗೆ ಊರಿನ ದೇವಸ್ಥಾನದಲ್ಲಿ ಭಟ್ಟರಿಗೆ ನೀರು, ಹೂವು ಒದಗಿಸುತ್ತಿದ್ದ. ಸಂಜೆ ಮಾತ್ರ ಅವನು ನಮ್ಮವನಲ್ಲ, ಚೆಂಡಿನವನು.

ಫುಟ್‌ಬಾಲ್ ಚೆಂಡು ಚರ್ಮದ್ದು. ಅದೇ ನಮ್ಮ ಮನೆಯ ದೊಡ್ಡ ಕಷ್ಟ. ಚರ್ಮ ಮುಟ್ಟಿದವರು ಮೀಯದೆ ಒಳಗೆ ಬರುವಂತಿಲ್ಲ. ಆಟ ಮುಗಿದ ಮೇಲೆ ಅಣ್ಣ ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಅಂಗಳಕ್ಕೆ ಬರಬೇಕು. ಆಟಿ ತಿಂಗಳ ಮಳೆಯಲ್ಲೂ ಇದೇ ಕ್ರಮ. ಅಮ್ಮ ಆಡಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಮೀಯದೆ ಬರಬೇಡ ಎಂದಷ್ಟೇ ಹೇಳಿದಳು.

ಅವನ ಆಟದ ಸುದ್ದಿ ನಮಗೆ ತಲುಪುತ್ತಿದ್ದದ್ದು ದೋಣಿಯ ಬ್ಯಾರಿಗಳೆಂಬ ಮುಸಲ್ಮಾನ ಹಿರಿಯರೊಬ್ಬರಿಂದ. ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಅವರಿಗೆ ಅಣ್ಣನ ಮೇಲೆ ಸ್ವಂತ ತಮ್ಮನಷ್ಟು ಅಭಿಮಾನ. ಊರಿನ ತಂಡವನ್ನು ಕಟ್ಟಿದವರೂ ಅವರೇ. ಕಡಬದಲ್ಲಿ, ಪುತ್ತೂರಿನಲ್ಲಿ ಪಂದ್ಯ ಇದ್ದರೆ ಮಗನ ಕೈಗೆ ದೋಣಿ ಕೊಟ್ಟು ಅಣ್ಣನ ಜೊತೆ ಹೊರಡುತ್ತಿದ್ದರು. ಹಿಂದೆ ಬಂದು ನಮ್ಮ ಅಂಗಳದ ಕೊನೆಯಲ್ಲಿ ನಿಂತು, ಒಂದು ಕಡ್ಡಿಯಿಂದ ನೆಲದಲ್ಲಿ ಗೆರೆ ಎಳೆದು ಆಟವನ್ನೆಲ್ಲ ಅಮ್ಮನಿಗೆ ತೋರಿಸುತ್ತಿದ್ದರು.

“ಅಮ್ಮಾ, ನಿಮ್ಮ ಮಗ ಇವತ್ತು ಪುತ್ತೂರಿನ ಮೂರು ಜನರನ್ನು ಕೂರಿಸಿದ.”

“ಕೂರಿಸಿದನಾ? ಅವರಿಗೆ ನೋವಾಗ್ಲಿಲ್ವಾ?”

“ಕಾಲಿಗೆ ನೋವಿಲ್ಲ. ಮರ್ಯಾದೆಗೆ ಸ್ವಲ್ಪ ಆಗಿರ್ಬಹುದು.”

ಅಮ್ಮ ಬಾಗಿಲ ಹಿಂದೆ ನಿಂತೇ ನಗುತ್ತಿದ್ದಳು. ಆಟ ಎಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲ. ಗೆರೆಗಳನ್ನು ಮಾತ್ರ ಮಾರನೆಯ ಬೆಳಗ್ಗಿನವರೆಗೆ ಗುಡಿಸಲು ನನಗೆ ಬಿಡುತ್ತಿರಲಿಲ್ಲ.

ಅಣ್ಣ ಎಡಗಾಲಿನವ. ಬದಿಯಿಂದ ಓಡುತ್ತ ಬಂದು ಒಳಗೆ ತಿರುಗುವುದು ಅವನ ಕ್ರಮವಂತೆ. ಸೋಲುತ್ತಿದ್ದರೆ ಎಲ್ಲರೂ ತಲೆ ತಗ್ಗಿಸುತ್ತಾರೆ, ಇವನೊಬ್ಬ ಸೊಂಟಕ್ಕೆ ಕೈಯಿಟ್ಟು ನಗುತ್ತಾನೆ ಎಂದು ಬ್ಯಾರಿಗಳು ಹೇಳುತ್ತಿದ್ದರು. “ಇನ್ನೂ ಅರ್ಧ ಆಟ ಉಂಟಲ್ಲ” ಎನ್ನುವುದು ಅವನ ಮಾತು. ಮನೆಯಲ್ಲಿ ಅಕ್ಕಿ ಮುಗಿದರೂ, ನನ್ನ ಲೆಕ್ಕ ತಪ್ಪಿದರೂ ಅದೇ ಮಾತು.

ಒಂದು ದಿನ ಬೆಲ್ಲ ಕಟ್ಟಿ ತಂದ ಪೊಟ್ಟಣದ ಕಾಗದದಲ್ಲಿ ಒಬ್ಬ ಆಟಗಾರನ ಚಿತ್ರ ಇತ್ತು. ಇಂಗ್ಲಿಷ್ ಪೇಪರು. ಅಣ್ಣ ಬೆಲ್ಲದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಕ್ಷರ ಕೂಡಿಸಿ ಓದಿ, ಅವನು ಸ್ಪೇನ್ ದೇಶದವನು, ಎಡಗಾಲಿನವನು, ಪ್ರಾಯದಲ್ಲಿ ತನ್ನ ಓರಗೆಯವನು ಎಂದು ಕಂಡುಹಿಡಿದ. ಹೆಸರು ನಮ್ಮ ಯಾರ ನಾಲಗೆಗೂ ಹೊರಳಲಿಲ್ಲ. ‘ಸ್ಪೇನಿನವ’ ಎಂದೇ ಕರೆದೆವು. ಅನ್ನದ ಗಂಜಿ ಹಚ್ಚಿ ಅವನನ್ನು ಜಗಲಿಯ ಗೋಡೆಗೆ ಅಂಟಿಸಿದ್ದಾಯಿತು. ಅಮ್ಮ ಹಪ್ಪಳದ ಹಿಟ್ಟಿನ ಕೈಯಲ್ಲೇ ಬಂದು ನೋಡಿ ಕೇಳಿದಳು, “ಇವನ ಕಾಲಿಗೆ ಎಂತ ಸುತ್ತಿದ್ದು?”

“ಬೂಟು ಅಮ್ಮ. ಅಲ್ಲಿ ಬರಿಗಾಲಲ್ಲಿ ಆಡ್ಲಿಕ್ಕೆ ಬಿಡುದಿಲ್ಲ.”

“ಪಾಪ,” ಎಂದಳು ಅಮ್ಮ.

ನನಗೆ ಹದಿನಾಲ್ಕೋ ಹದಿನೈದೋ ಆಗಿದ್ದ ವರ್ಷ ಅಣ್ಣನನ್ನು ಮಂಗಳೂರಿನ ಒಂದು ತಂಡದವರು ಕರೆದುಕೊಂಡರು. ಅಲ್ಲಿ ಅವನ ಆಟ ನೋಡಿದ ಬೊಂಬಾಯಿಯ ಹಿರಿಯರೊಬ್ಬರು ತಮ್ಮ ಕಂಪೆನಿಯ ತಂಡಕ್ಕೆ ಬಾ ಎಂದರು. ಕೆಲಸವೂ ಉಂಟು, ಆಟವೂ ಉಂಟು. ಚೌತಿ ಕಳೆದ ಮೇಲೆ ಬರಬೇಕು. ಆದರೆ ಅಲ್ಲಿ ಬೂಟು ಹಾಕಿಯೇ ಆಡಬೇಕು ಎಂದು, ಅಭ್ಯಾಸವಾಗಲಿ ಎಂದು ಒಂದು ಜೊತೆ ಬೂಟನ್ನು ಅವನ ಕೈಗೆ ಕೊಟ್ಟು ಕಳುಹಿಸಿದರು.

ಬೂಟು ಮನೆಯೊಳಗೆ ಬರಲಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಅದಕ್ಕೆ ಜಾಗವಾಯಿತು. ಅಡಿಯಲ್ಲಿ ಗೊರಸಿನ ಹಾಗೆ ಚರ್ಮದ ಉಬ್ಬು ಗುಬುಟುಗಳನ್ನು ಹೊಡೆದಿದ್ದರು. ಶುಂಠಿಯಂಥ ಆ ಪಾದಗಳನ್ನು ಅದರೊಳಗೆ ಕೂರಿಸುವಾಗ ಅಣ್ಣನ ಕಣ್ಣಲ್ಲಿ ನೀರು ಬರುತ್ತಿತ್ತು. ದಿನಾ ಸಂಜೆ ಗುಡ್ಡದ ಮೇಲಿನ ಪದವು ಎಂಬ ಬಯಲಿಗೆ ಹೋಗಿ, ಮುರಕಲ್ಲಿನ ಗಟ್ಟಿ ನೆಲದಲ್ಲಿ ಓಡಿ ಬರುತ್ತಿದ್ದ. ಗದ್ದೆಯಲ್ಲಿ ಮಾತ್ರ ಮೊದಲಿನ ಹಾಗೆಯೇ ಬರಿಗಾಲಿನ ಆಟ.

ನಮ್ಮ ಕಡೆ ಆಟಿ ಕಳೆದು ಸೋಣ ತಿಂಗಳಲ್ಲಿ ಹೊಳೆ ಸ್ವಲ್ಪ ಇಳಿದ ಮೇಲೆ, ಆಚೆ ಬದಿಯವರಿಗೂ ಈಚೆ ಬದಿಯವರಿಗೂ ಒಂದು ಪಂದ್ಯ ನಡೆಯುತ್ತಿತ್ತು. ಹೊಳೆ ಉಕ್ಕಿದರೆ ಪೈರು ಹೋಗುತ್ತದೆಂದು ಮಳೆಗಾಲದಲ್ಲಿ ನಾಟಿ ಮಾಡದೆ ಬಿಡುವ ಒಂದು ಗದ್ದೆ ಇತ್ತು. ಅದರಲ್ಲಿ ಆಟ. ಮೊಣಕಾಲಿಗೆ ಬರುವ ಕೆಸರು ಕೆಲವು ಕಡೆ. ಗೆದ್ದವರಿಗೆ ಸಿಗುವುದು ಒಂದು ಬಾಳೆಗೊನೆ, ಅದನ್ನೂ ಸೋತವರ ಜೊತೆ ಕೂತೇ ತಿನ್ನುವುದು. ಬೊಂಬಾಯಿಗೆ ಹೋಗುವ ಮೊದಲು ಅಣ್ಣನಿಗೆ ಅದು ಊರಿನ ಕೊನೆಯ ಆಟ.

ಅದರ ಹಿಂದಿನ ದಿನ ಅಮ್ಮ ಗೋಡೆಯ ಸ್ಪೇನಿನವನನ್ನು ಸುಮಾರು ಹೊತ್ತು ನೋಡಿದಳು. ಮತ್ತೆ ಅಣ್ಣನಿಗೆ ಹೇಳಿದಳು, “ನಾಳೆ ನಾನು ಬರ್ತೇನೆ. ಆ ಬೂಟು ಹಾಕಿ ಒಮ್ಮೆ ಆಡು ಮಗಾ. ಬೊಂಬಾಯಿಗೆ ನಾನು ಬರ್ಲಿಕ್ಕಿಲ್ಲ. ಅಲ್ಲಿ ನೀನು ಹೇಗೆ ಕಾಣ್ತಿ ಅಂತ ನನಗೆ ಗೊತ್ತಾಗ್ಬೇಡ್ವಾ?”

ಅಮ್ಮ ಹಾಗೆಲ್ಲ ಹೊರಗೆ ಹೋಗುವವಳಲ್ಲ. ಕೆಂಪು ಸೀರೆಯವರು ಗಂಡಸರು ಸೇರಿದ ಕಡೆ ಹೋಗುವ ಕಾಲವೇ ಅಲ್ಲ ಅದು. ಅಣ್ಣ ಏನೂ ಯೋಚಿಸಲಿಲ್ಲ, ಆಯ್ತು ಎಂದ.

ಮಾರನೆಯ ದಿನ ಗದ್ದೆಯ ಮೇಲಿನ ಮನೆಯ ದನದ ಕೊಟ್ಟಿಗೆಯ ಮರೆಯಲ್ಲಿ, ಆ ಮನೆಯ ಹೆಂಗಸರ ಜೊತೆ ನಾವಿಬ್ಬರು ನಿಂತೆವು. ಗದ್ದೆಯ ಬದಿಯಲ್ಲಿ ನಡೆದ ಮಾತನ್ನು ಬ್ಯಾರಿಗಳು ನನಗೆ ಹೇಳಿದ್ದು ಆಮೇಲೆ. ಅಣ್ಣ ಬೂಟಿನ ದಾರ ಬಿಗಿಯುವುದನ್ನು ನೋಡಿ ಅವರು ಬೈದಿದ್ದರು. “ಕೆಸರಿಗೆ ಬೂಟು ಬೇಡ ಮಾರಾಯ. ಬರಿಗಾಲಾದ್ರೆ ಜಾರ್ತದೆ, ಇದು ಹೂತು ನಿಲ್ತದೆ.” ಅಣ್ಣ ಕೊಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿ, “ಅಮ್ಮ ನೋಡ್ಲಿಕ್ಕೆ ಬಂದಿದ್ದಾರೆ” ಎಂದನಂತೆ.

ಅವನು ಓಡಿದ. ಬೂಟಿನ ಕಾಲುಗಳನ್ನು ಕೆಸರಿನಿಂದ ಕಿತ್ತು ಕಿತ್ತು ಓಡಿದ. ಆಚೆ ಬದಿಯವರು, “ಬೊಂಬಾಯಿ ಸಾಹೇಬ್ರಿಗೆ ದಾರಿ ಬಿಡಿ” ಎಂದು ತಮಾಷೆ ಮಾಡಿದರು. ಅವನೂ ನಕ್ಕ. ಚೆಂಡು ಸಿಕ್ಕಿದಾಗಲೆಲ್ಲ ಒಮ್ಮೆ ಕೊಟ್ಟಿಗೆಯ ಕಡೆಗೆ ನೋಡುತ್ತಿದ್ದ. ಅಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನೋಡಿದಳು. “ಚಂದ ಕಾಣ್ತಾನೆ ಅಲ್ವಾ? ಗೋಡೆಯವನ ಹಾಗೆಯೇ,” ಎಂದು ಮೆಲ್ಲಗೆ ನನ್ನ ಹತ್ತಿರ ಹೇಳಿದಳು. ಮೋಡ ಕವಿದು ಬೇಗ ಕತ್ತಲಾಗುತ್ತ ಬಂದಿತ್ತು. ದೀಪ ಹಚ್ಚುವ ಹೊತ್ತಾಯಿತು, ನೀನು ಅಣ್ಣನ ಜೊತೆ ಬಾ ಎಂದು ನನ್ನನ್ನು ಅಲ್ಲೇ ಬಿಟ್ಟು ಗುಡ್ಡದ ದಾರಿಯಲ್ಲಿ ಮನೆಗೆ ಹೋದಳು.

ಅಣ್ಣನಿಗೆ ಅದು ಗೊತ್ತಿಲ್ಲ. ಅಮ್ಮ ಅಲ್ಲೇ ಇದ್ದಾಳೆ ಎಂದು ಅವನು ಬೂಟು ಬಿಚ್ಚಲಿಲ್ಲ.

ಬದಿಯಿಂದ ಓಡಿ ಬಂದವನು, ಅವನ ಕ್ರಮದಂತೆ, ಒಳಗೆ ತಿರುಗಿದ. ಮೈ ತಿರುಗಿತು. ಎಡಗಾಲು ಕೆಸರಿನಲ್ಲಿ ಹೂತ ಬೂಟಿನೊಳಗೆ ನಿಂತಲ್ಲೇ ನಿಂತಿತು. ಅವನು ಕೂಗಲಿಲ್ಲ. ಕೂತ, ಮತ್ತೆ ಮಲಗಿದ. ಎಲ್ಲರೂ ಓಡಿ ಬಂದು ಸುತ್ತ ನಿಂತರು. ಬ್ಯಾರಿಗಳು ಬೂಟು ಬಿಚ್ಚಲು ನೋಡಿದರು. ಒದ್ದೆ ದಾರದ ಗಂಟು ಬಿಡಲಿಲ್ಲ, ಕಾಲು ಅಲುಗಿಸಲು ಅಣ್ಣ ಬಿಡಲಿಲ್ಲ. ಕಡೆಗೆ ಬಾಳೆಗೊನೆ ಕಡಿಯಲು ತಂದಿದ್ದ ಕತ್ತಿಯಿಂದ ದಾರವನ್ನು ಕೊಯ್ದು ತೆಗೆದರು.

ನಾಚಿಕೆಯನ್ನು ಬಿಟ್ಟು ನಾನು ಗಂಡಸರ ನಡುವೆ ಓಡಿ ಹೋದದ್ದು ಬದುಕಿನಲ್ಲಿ ಆ ಒಂದೇ ಸಲ. ಅಣ್ಣ ಮೊದಲು ಕೇಳಿದ್ದು, “ಅಮ್ಮ ನೋಡಿದಳಾ?”

ಇಲ್ಲ, ಆಗಲೇ ಹೋದಳು ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ಸುತ್ತ ನಿಂತವರಿಗೆ, ಆಚೆ ಬದಿಯವರಿಗೂ ಈಚೆ ಬದಿಯವರಿಗೂ ಕೇಳುವ ಹಾಗೆ ಹೇಳಿದ, “ಬೂಟಿನಿಂದ ಆದದ್ದು ಅಂತ ಅಮ್ಮನಿಗೆ ಗೊತ್ತಾಗ್ಬಾರದು. ಯಾರೂ ಬಾಯಿ ಬಿಡ್ಬಾರದು.”

ಮನೆಗೆ ಹೊತ್ತು ತಂದಾಗ ಅಮ್ಮ ದೀಪದ ಮುಂದಿನಿಂದ ಎದ್ದು ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, “ನೀನು ಹೋದ ಕೂಡಲೇ ಬೂಟು ಬಿಚ್ಚಿದೆ ಅಮ್ಮ. ಬರಿಗಾಲಲ್ಲಿ ಜಾರಿ ಬಿದ್ದೆ. ಬೂಟು ಇದ್ದಿದ್ರೆ ಬೀಳ್ತಿರ್ಲಿಲ್ಲ.” ಬ್ಯಾರಿಗಳು ಅಂಗಳದ ಕೊನೆಯಲ್ಲಿ ನೆಲ ನೋಡುತ್ತ ನಿಂತಿದ್ದರು. ಆ ದಿನ ಅವರು ಗೆರೆ ಎಳೆಯಲಿಲ್ಲ.

ಊರಿನ ಪಂಡಿತರು ಸೊಪ್ಪು ಅರೆದು ಹಚ್ಚಿ, ಬಿದಿರಿನ ಸೀಳು ಇಟ್ಟು ಕಟ್ಟಿದರು. ಬಾವು ಇಳಿಯಿತು, ಕಾಲು ಬರಲಿಲ್ಲ. ಪುತ್ತೂರಿನ ಡಾಕ್ಟರರು ಮೊಣಕಾಲನ್ನು ಅಲುಗಿಸಿ ನೋಡಿ, ಒಳಗೆ ಹರಿದಿದೆ, ನಡೆಯಬಹುದು, ಓಡುವುದು ಇನ್ನು ಮರೆಯಬೇಕು ಎಂದರಂತೆ. ಚೌತಿ ಬಂತು, ಹೋಯಿತು. ಬೊಂಬಾಯಿಗೆ ಬರಲಾಗುವುದಿಲ್ಲ ಎಂದು ಅಣ್ಣ ಕಾರ್ಡು ಬರೆದು ಹಾಕಿದ. ಬೂಟನ್ನು ಏನು ಮಾಡುವುದು, ಹೊಳೆಗೆ ಬಿಡುವುದಾ ಎಂದು ಅದನ್ನು ತಮ್ಮಲ್ಲಿ ಇಟ್ಟುಕೊಂಡಿದ್ದ ಬ್ಯಾರಿಗಳು ಕೇಳಿದರು. ಅಣ್ಣನಿಗೆ ಮನಸ್ಸು ಬರಲಿಲ್ಲ. ವಾಪಸ್ಸು ಕಳುಹಿಸಿದೆ ಎಂದು ಅಮ್ಮನಿಗೆ ಹೇಳಿ, ಅವಳು ಮನೆಯಲ್ಲಿಲ್ಲದ ಹೊತ್ತಿಗೆ ಗೋಣಿಚೀಲದಲ್ಲಿ ಸುತ್ತಿ ಸೌದೆ ಕೊಟ್ಟಿಗೆಯ ಅಟ್ಟದ ಮೂಲೆಗೆ ನನ್ನಿಂದ ಇಡಿಸಿದ. ಅವನಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ.

ಎರಡು ಬದಿಯ ಜನರಲ್ಲಿ ಒಬ್ಬರೂ ಅಮ್ಮನ ಮುಂದೆ ಬಾಯಿ ಬಿಡಲಿಲ್ಲ. ಆ ಗದ್ದೆಯಲ್ಲಿ ಮತ್ತೆ ಪಂದ್ಯವೂ ನಡೆಯಲಿಲ್ಲ.

ಅಣ್ಣ ಪುತ್ತೂರಿನ ಒಂದು ಬಸ್ಸಿನ ಆಫೀಸಿನಲ್ಲಿ ಟಿಕೇಟು ಬರೆಯುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಮನೆಗೆ. ಪುತ್ತೂರಿನಲ್ಲಿ ಪಂದ್ಯವಿದ್ದರೆ ಚೆಂಡಿಗೆ ಗಾಳಿ ತುಂಬಿಸಿ, ಬಾಯಿ ಹೊಲಿದು ಕೊಡಲು ಅವನನ್ನೇ ಕರೆಯುತ್ತಿದ್ದರಂತೆ. ಗೆರೆಯ ಬದಿಯಲ್ಲಿ ಬಾವುಟ ಹಿಡಿದು ಕುಂಟುತ್ತ ನಡೆಯುತ್ತಿದ್ದನಂತೆ. ನೋಡಿದವರು ಹೇಳಿದ್ದು. ಅಲ್ಲಿಯ ವಾಚನಾಲಯದಲ್ಲಿ ಇಂಗ್ಲಿಷ್ ಪೇಪರು ತಿರುವಿ ಅವನು ಹುಡುಕುತ್ತಿದ್ದದ್ದು ಸ್ಪೇನಿನವನ ಸುದ್ದಿಯನ್ನು. ತಿಂಗಳುಗಟ್ಟಲೆ ಏನೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಮೂಲೆಯಲ್ಲಿ ಎರಡು ಸಾಲು ಇರುತ್ತಿತ್ತು. ಮನೆಗೆ ಬಂದ ಕೂಡಲೇ ಅಮ್ಮ ನೆಂಟರ ಮನೆಯ ಹುಡುಗನನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದಳು, “ನಿನ್ನ ಸ್ಪೇನಿನವ ಹೇಗಿದ್ದಾನೆ?”

“ಎರಡು ಗೋಲು ಹೊಡೆದನಂತೆ ಅಮ್ಮ.”

“ಹೊಡೀಲಿ.”

ಒಂದು ಸಲ ಅಣ್ಣ, ಅವನ ಕಾಲಿಗೂ ಪೆಟ್ಟಾಗಿದೆಯಂತೆ ಎಂದ. ಅಮ್ಮ ಹಪ್ಪಳ ಒತ್ತುವುದನ್ನು ನಿಲ್ಲಿಸಿದಳು. “ಅವನಿಗೆ ಅಮ್ಮ ಇದ್ದಾಳಾ?” ಎಂದು ಕೇಳಿದಳು.

“ಅದನ್ನೆಲ್ಲ ಪೇಪರಿನಲ್ಲಿ ಬರೆಯುದಿಲ್ಲ ಅಮ್ಮ.”

ಅವನು ಮತ್ತೆ ಆಡಲು ಬಂದ ಸುದ್ದಿ ಸಿಗುವವರೆಗೆ ಅಮ್ಮ ದೇವರ ಮುಂದೆ ಒಂದು ಬತ್ತಿ ಹೆಚ್ಚು ಹಾಕಿದಳು. ನನಗೆ ಅದು ತಮಾಷೆಯಾಗಿ ಕಂಡಿತ್ತು.

ಇನ್ನೊಂದು ಸಂಗತಿಯೂ ನನಗೆ ಅರ್ಥವಾಗದೆ ಹೋಯಿತು. ಮಳೆ ಹಿಡಿಯುವ ಮೊದಲು ಸೌದೆ ಒಳಗೆ ಹಾಕುವ ದಿನಗಳಲ್ಲಿ, ಪ್ರತಿ ವರ್ಷ ಒಂದು ದಿನ ಅಮ್ಮ ಮಧ್ಯಾಹ್ನದ ಮೇಲೆ ಮತ್ತೊಮ್ಮೆ ಮೀಯುತ್ತಿದ್ದಳು. ಎಂತಕ್ಕೆ ಎಂದು ಕೇಳಿದರೆ, “ಕೊಟ್ಟಿಗೆಯಲ್ಲಿ ಮೈಮೇಲೆ ಜೇಡರ ಬಲೆ ಬಿತ್ತು” ಎನ್ನುತ್ತಿದ್ದಳು.

ನನ್ನನ್ನು ಬೆಳ್ಳಾರೆಗೆ ಮದುವೆ ಮಾಡಿ ಕೊಟ್ಟರು. ಅಣ್ಣನಿಗೆ ಮಾತ್ರ ಆಗಲಿಲ್ಲ. ಕುಂಟುವ ಕಾಲನ್ನು ನೋಡಿ ಬಂದವರು ಹಿಂದೆ ಹೋದರು. ನಿಮ್ಮ ಅಮ್ಮ ಇನ್ನೂ ಅಂಬೆಗಾಲಿಡುತ್ತಿದ್ದಾಗ ನಿಮ್ಮ ಅಜ್ಜ ಜ್ವರದಲ್ಲಿ ಹೋದರು. ಅಣ್ಣ ಬಸ್ಸಿಳಿದು ಅಷ್ಟು ದೂರ ಆ ಕಾಲನ್ನು ಎಳೆದುಕೊಂಡು ಬಂದ. ನನ್ನ ಮುಂದೆ ಕೂತು, ಮಗುವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ, “ಇನ್ನೂ ಅರ್ಧ ಆಟ ಉಂಟು ತಂಗಿ. ಬಾ, ಮನೆಗೆ ಹೋಗುವಾ.” ನಿಮ್ಮ ಅಮ್ಮ ನಡೆಯಲು ಕಲಿತದ್ದು ಅವನ ಕಿರುಬೆರಳು ಹಿಡಿದು. ಅವನ ಹಾಗೆಯೇ ಸ್ವಲ್ಪ ದಿನ ಕುಂಟಿದಳು, ಮಗು ಅದೇ ನಡಿಗೆ ಎಂದುಕೊಂಡಿತ್ತು. ಅವಳು ಓದಿ ಟೀಚರಾದದ್ದು ಅವನು ಟಿಕೇಟು ಬರೆದು ತಂದ ಅನ್ನದಲ್ಲಿ.

ನಿಮ್ಮ ಅಮ್ಮ ಇನ್ನೂ ಚಿಕ್ಕವಳಿದ್ದಾಗಲೇ ಒಂದು ದಿನ ಅಣ್ಣ ಬಂದು, “ಅವನು ಆಡುದು ಬಿಟ್ಟನಂತೆ ಅಮ್ಮ” ಎಂದ. ಯಾರೆಂದು ಕೇಳುವ ಅಗತ್ಯ ಇರಲಿಲ್ಲ. “ಪ್ರಾಯ ಆಯ್ತಲ್ಲ, ಬಿಡ್ಲಿ,” ಎಂದಳು ಅಮ್ಮ, ಮುಖ ತಿರುಗಿಸಿಕೊಂಡು. ಗೋಡೆಯ ಮೇಲಿನ ಕಾಗದ ಅಷ್ಟು ಹೊತ್ತಿಗೆ ಹಳದಿಯಾಗಿ, ಮುಖ ಅಳಿಸಿ, ಬೂಟು ಮಾತ್ರ ಕಾಣುತ್ತಿತ್ತು. ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ಅಣ್ಣ ಹೇಳಿದ, “ಇನ್ನು ನನಗೂ ಬಿಡ್ಬಹುದು ತಂಗಿ.” ಅಷ್ಟು ವರ್ಷ ಅವನು ಎಲ್ಲಿ ಆಡುತ್ತಿದ್ದ ಎಂದು ನನಗೆ ಆಗ ತಿಳಿಯಿತು.

ಅರುವತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮ ತೀರಿಹೋದಳು. ನೋವು ಏನೂ ಹೇಳಲಿಲ್ಲ, ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಯ ದಿನಗಳಲ್ಲಿ ಅಣ್ಣ ಹಾಸಿಗೆಯ ಬದಿಯಲ್ಲಿ ಕೂತರೆ ಅವನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಮಲಗಿರುತ್ತಿದ್ದಳು.

ಕ್ರಿಯೆಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಅಣ್ಣ, ಆ ಗೋಣಿಚೀಲ ಇಳಿಸು, ಇನ್ನು ಅಡಗಿಸಬೇಕಾದ್ದಿಲ್ಲ ಎಂದ. ಇಲಿ ಹೆಗ್ಗಣ ತಿಂದು ಮುಗಿಸಿರಬಹುದು, ಉಳಿದಿದ್ದರೂ ಬೂಷ್ಟು ಹಿಡಿದು ಕಲ್ಲಾಗಿರಬಹುದು ಎಂದುಕೊಂಡು ಏಣಿ ಹತ್ತಿದೆ. ಚೀಲ ಬೇರೆಯದ್ದು, ಹೊಸತು. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅಣ್ಣ ಅದನ್ನು ಬಿಚ್ಚಿದ.

ಬೂಟಿನ ಚರ್ಮ ಮೆತ್ತಗಿತ್ತು. ತೆಂಗಿನೆಣ್ಣೆಯ ವಾಸನೆ ಬಂತು. ಅಡಿಯಲ್ಲಿ ಕೆಸರಿನ ಒಂದು ಕಣವಿರಲಿಲ್ಲ, ಒಂದೊಂದು ಗುಬುಟನ್ನೂ ಕೆರೆದು ಒರೆಸಿತ್ತು. ಆಕಾರ ಕೆಡದ ಹಾಗೆ ಒಳಗೆ ಬೈಹುಲ್ಲು ತುಂಬಿಸಿತ್ತು. ಕತ್ತಿಯಿಂದ ಕೊಯ್ದ ದಾರ ಇರಲಿಲ್ಲ. ಅದರ ಜಾಗದಲ್ಲಿ, ಕೆಂಪು ಸೀರೆಯ ಅಂಚನ್ನು ಸೀಳಿ ಸಣ್ಣಗೆ ಹೆಣೆದ ಹೊಸ ದಾರವನ್ನು ಒಂದೂ ತೂತು ತಪ್ಪದೆ ಪೋಣಿಸಿತ್ತು.

ಅಣ್ಣ ಆ ಕೆಂಪು ದಾರವನ್ನು ಬೆರಳಿನಿಂದ ಮುಟ್ಟಿದ. “ಕೊಯ್ದ ದಾರ ನೋಡಿದ್ದಾಳೆ,” ಎಂದ. “ಗೊತ್ತಿತ್ತು ಅವಳಿಗೆ. ಮೊದಲಿಂದಲೇ ಗೊತ್ತಿತ್ತು.”

ಬಿಚ್ಚಿಟ್ಟ ಬೂಟಿನ ದಾರವನ್ನು ಯಾರೂ ಕೊಯ್ಯುವುದಿಲ್ಲ. ಚರ್ಮ ಮುಟ್ಟಿದರೆ ಮೀಯುವ ಅಮ್ಮ ವರ್ಷ ವರ್ಷವೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಎಣ್ಣೆ ಹಚ್ಚಿ, ಮಿಂದು, ಒಳಗೆ ಬಂದು ನಮಗೆ ಬಡಿಸುತ್ತಿದ್ದಳು. ಅವಳಿಗೆ ಗೊತ್ತಾಗಬಾರದೆಂದು ಅಣ್ಣ ಸುಳ್ಳು ಹೇಳಿದ. ತನಗೆ ಗೊತ್ತು ಎಂದು ಅವನಿಗೆ ಗೊತ್ತಾಗಬಾರದೆಂದು ಅವಳು ಆ ಸುಳ್ಳನ್ನು ನಂಬಿದಳು. ಒಬ್ಬರ ಮುಂದೆ ಒಬ್ಬರು ಅಳಬಹುದಿತ್ತು, ಅದೂ ಆಗಲಿಲ್ಲ.

ಅಣ್ಣ ಬೈಹುಲ್ಲು ತೆಗೆದು ಬೂಟನ್ನು ಕಾಲಿಗೆ ಹಾಕಿಕೊಂಡ. ಕೆಂಪು ದಾರ ಕಟ್ಟಿದ. ಗೋಡೆ ಹಿಡಿದು ಎದ್ದು, ಅಂಗಳದ ಈಚೆ ತುದಿಯಿಂದ ಆಚೆ ತುದಿಗೆ ಕುಂಟುತ್ತ ನಡೆದ. ಅಲ್ಲಿ ನಿಂತು, ಅಂದು ಗದ್ದೆಯಿಂದ ಕೊಟ್ಟಿಗೆಯ ಕಡೆಗೆ ನೋಡಿದ ಹಾಗೆಯೇ, ಅಡಿಗೆಮನೆಯ ಕಿಟಕಿಯ ಕಡೆಗೆ ಒಮ್ಮೆ ನೋಡಿದ. ಅಂದೂ ಅಮ್ಮ ಅಲ್ಲಿರಲಿಲ್ಲ.

ಆಮೇಲೆ ಅವನು ಹೆಚ್ಚು ವರ್ಷ ಬದುಕಲಿಲ್ಲ. ಬಸ್ಸಿನ ಆಫೀಸಿನಲ್ಲೇ ಎದೆ ಹಿಡಿದು ಕೂತವನನ್ನು ಮನೆಗೆ ತಂದರು. ಮುದುಕರಾಗಿದ್ದ ಬ್ಯಾರಿಗಳು ಬಂದು ಅಂಗಳದ ಕೊನೆಯಲ್ಲಿ, ಗೆರೆ ಎಳೆಯುತ್ತಿದ್ದ ಅದೇ ಜಾಗದಲ್ಲಿ, ಹೆಣ ಎತ್ತುವವರೆಗೆ ನಿಂತೇ ಇದ್ದರು. ನಾನು ಅವನ ಪಾದಗಳನ್ನು ತೊಳೆದೆ. ಮದುವೆಯಲ್ಲಿ ಮಾವ ತೊಳೆಯಬೇಕಾಗಿದ್ದ ಪಾದಗಳು.

ಮಳೆ ಹಿಡಿಯುವ ಮೊದಲು ಒಂದು ದಿನ ಅಜ್ಜಿ ಎರಡೆರಡು ಸಲ ಮೀ‍ಯುತ್ತಾಳೆ, ಅಜ್ಜಿಗೆ ಮರೆವು ಎಂದು ನೀವು ನಗುತ್ತೀರಿ. ಚರ್ಮ ಮುಟ್ಟಿದರೆ ಮೈಲಿಗೆ ಎಂದು ನಾನು ಈಗ ನಂಬುವುದಿಲ್ಲ. ಆದರೂ ಆ ಬೂಟಿಗೆ ಎಣ್ಣೆ ಹಚ್ಚಿ ಆದ ಮೇಲೆ ಅಮ್ಮ ಮಾಡುತ್ತಿದ್ದ ಹಾಗೆಯೇ ಮೀಯುತ್ತೇನೆ. ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಅತ್ತರೆ ಹೊರಗೆ ಯಾರಿಗೂ ತಿಳಿಯುವುದಿಲ್ಲ. ಅಮ್ಮನಿಗೂ ಅದಕ್ಕೇ ಆ ಸ್ನಾನ ಬೇಕಾಗಿತ್ತೋ ಏನೋ.